ಘಟ್ಟ ಇಳಿದು ಬಂದ ಅಮ್ಮ ಮಕ್ಕಳಿಗೆ ಏನು ಹೇಳಬೇಕು?



ತ್ರಿವೇಣಿಯವರ 'ಶರಪಂಜರ' ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ಎಪ್ಪತ್ತರ ದಶಕದ ಆರಂಭದಲ್ಲಿ ತೆರೆಗೆ ತಂದರು. ಅದರಲ್ಲಿ ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಜನ ಹುಚ್ಚಿಯೆಂದೇ ಕಾಣುತ್ತಾರೆ. ನಾವು ಕಲ್ಪನಾ ಅವರ ಅಭಿನಯವನ್ನು ಹೊಗಳಿದೆವು, ಗಂಡನನ್ನು ಬೈದೆವು. ಅಂಥ ತಾಯಿಯ ಮಕ್ಕಳಿಗೆ ಯಾರು ಏನು ಹೇಳುತ್ತಾರೆಂದು ಕೇಳಿದವರು ಕಡಿಮೆ. ಇಂದಿನ ಮಾತು ಆ ಮಕ್ಕಳನ್ನು ಕುರಿತದ್ದು.

ಮೂಡಿಗೆರೆ, ಕಳಸದ ಕಡೆ ತಾಯಿಗೋ ತಂದೆಗೋ ಮನಸ್ಸಿನ ಕಾಯಿಲೆ ಜೋರಾದರೆ ಚಾರ್ಮಾಡಿ ಇಳಿಸಿ ಮಂಗಳೂರಿಗೆ ಕರೆದೊಯ್ಯುತ್ತಾರೆ. ಇಲ್ಲವೇ ಶಿವಮೊಗ್ಗ, ನಿಮ್ಹಾನ್ಸ್. ಅದಕ್ಕೂ ಮುಂಚೆ ಗಾಳಿ-ಸೋಂಕು, ದೈವ, ಹೊರನಾಡಿಗೆ ಹರಕೆ. ಮಕ್ಕಳಿಗೆ ಸಿಗುವ ಉತ್ತರ ಒಂದೇ ಸಾಲಿನದು: 'ಅಮ್ಮ ಅಜ್ಜಿ ಮನೆಗೆ ಹೋಗಿದ್ದಾರೆ.' ಅಪ್ಪನಾದರೆ 'ಗ್ಯಾಸ್ಟ್ರಿಕ್'. ತೋಟದ ಮನೆಗಳು ದೂರ ದೂರ ಇರುವುದರಿಂದ ಗುಟ್ಟು ಉಳಿಯುತ್ತದೆಂದು ಹಿರಿಯರು ನಂಬುತ್ತಾರೆ. ಆದರೆ ಜೀಪು ಓಡಿಸಿದವನಿಗೆ ಗೊತ್ತು, ತೋಟದ ರೈಟರಿಗೆ ಗೊತ್ತು, ಕಣದಲ್ಲಿ ಕಾಫಿ ಹರಡುವವರಿಗೂ ಗೊತ್ತು. ಕೊನೆಗೆ ಮಗುವಿಗೆ ಅದು ತಿಳಿಯುವುದು ಶಾಲೆಯ ಜಗಳದಲ್ಲಿ: 'ನಿನ್ನಮ್ಮಂಗೆ ಮಂಡೆ ಸಮ ಇಲ್ಲ.'

ತೋಟದ ಕೂಲಿಯವರ ಲೈನ್ ಮನೆಯ ಮಗು ಇಕ್ಕಟ್ಟಿನ ಕೋಣೆಯಲ್ಲಿ ಎಲ್ಲವನ್ನೂ ಕಣ್ಣಾರೆ ಕಂಡಿರುತ್ತದೆ. ಕಾರಣ ಮಾತ್ರ ಗೊತ್ತಿರುವುದಿಲ್ಲ. ಸಾಹುಕಾರರ ಮಗುವನ್ನು ಹಾಸ್ಟೆಲಿಗೆ ಸಾಗಿಸಿರುತ್ತಾರೆ. ಅದು ಏನನ್ನೂ ಕಾಣದೆ ಎಲ್ಲವನ್ನೂ ಊಹಿಸುತ್ತದೆ. ಇಬ್ಬರೂ ಹೆಚ್ಚಾಗಿ ಬಂದು ನಿಲ್ಲುವುದು ಒಂದೇ ಕಡೆ: ನನ್ನಿಂದಲೇ ಹೀಗಾಯಿತು.

ಈ ಭಾರ ಇಳಿಸಲು ಚಿಕ್ಕಪ್ಪ, ಅತ್ತೆಯರ ಮಾತು ಸಾಲದು. ಕಾಯಿಲೆ ಇಳಿದ ಮೇಲೆ ಅಮ್ಮನೇ ಹೇಳಬೇಕು, ಮನೆಮಾತಿನಲ್ಲಿ: 'ಪುಟ್ಟಿ, ನಂಗೆ ಮನಸ್ಸಿನ ಕಾಯಿಲೆ ಇದೆ. ಆಗ ನಿದ್ದೆ ಬರಲ್ಲ, ಸಿಟ್ಟು ಬರ್ತದೆ. ನೀನು ಗಲಾಟೆ ಮಾಡಿದ್ದಕ್ಕೆ ಬಂದದ್ದಲ್ಲ. ಮಾತ್ರೆ ತಗೊಳ್ತಿದ್ದೀನಿ. ಮತ್ತೆ ಹಂಗಾದ್ರೆ ಚಿಕ್ಕಮ್ಮಂಗೆ ಫೋನ್ ಮಾಡು. ನನ್ನನ್ನ ಕಾಯೋದು ನಿನ್ನ ಕೆಲಸ ಅಲ್ಲ.' ಇಷ್ಟು ಸಾಕು. ಇನ್ನು ಮುಂದೆ ಎಂದೂ ಬರುವುದಿಲ್ಲ ಎಂದು ಮಾತ್ರ ಮಾತು ಕೊಡಬಾರದು. ಆ ಮಾತು ತಪ್ಪಿದರೆ ಮಗು ಮುಂದಿನದನ್ನು ನಂಬುವುದಿಲ್ಲ.

ಹೈಸ್ಕೂಲಿನ ಮಗು ಬೇರೆ ಪ್ರಶ್ನೆ ಕೇಳುತ್ತದೆ: 'ನಂಗೂ ಬರ್ತದಾ?' ಸ್ಕಿಜೋಫ್ರೇನಿಯಾದ ಲೆಕ್ಕ ತೆಗೆದುಕೊಳ್ಳಿ. ಜನಸಾಮಾನ್ಯರಲ್ಲಿ ಅದು ನೂರಕ್ಕೆ ಸುಮಾರು ಒಬ್ಬರಿಗೆ. ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗಿದ್ದರೆ ಮಕ್ಕಳಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ. ಅಂದರೆ ಒಂಬತ್ತು ಮಕ್ಕಳಿಗೆ ಬರುವುದಿಲ್ಲ. ಈ ಲೆಕ್ಕ ಹೇಳಿದರೆ ಮಗು ನಿರಾಳವಾಗಿ ಮಲಗೀತು. ಹೇಳಲು ಬಿಡದಿರುವುದು ಹೆಚ್ಚಾಗಿ ಮದುವೆಯ ಭಯ, ಸಂಬಂಧ ಕುದುರುವುದಿಲ್ಲ ಎಂಬ ಭಯ. ಮಗು ಇನ್ನೂ ಎಂಟನೇ ಕ್ಲಾಸಿನಲ್ಲಿರುತ್ತದೆ, ನೋಡಿ!

ಇದು ಮನೆಯವರ ಹೊಣೆಯಷ್ಟೇ ಅಲ್ಲ. ನಾರ್ವೆಯಲ್ಲಿ ರೋಗಿಗೆ ಚಿಕ್ಕ ಮಕ್ಕಳಿದ್ದಾರೆಯೇ, ಅವರಿಗೆ ವಿಷಯ ತಿಳಿದಿದೆಯೇ ಎಂದು ವಿಚಾರಿಸುವುದು 2010ರಿಂದ ಆಸ್ಪತ್ರೆಯವರ ಕಾನೂನುಬದ್ಧ ಕರ್ತವ್ಯ. ನಮ್ಮ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗುವನ್ನು ಒಟ್ಟಿಗೆ ದಾಖಲಿಸುವ ವಾರ್ಡ್ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದು ಎನ್ನುತ್ತದೆ. ಒಳ್ಳೆಯದು. ಆದರೆ ಮಾತು ತಿಳಿಯುವ ವಯಸ್ಸಿನ ಮಗುವಿಗೆ ಯಾರು ಏನು ಹೇಳಬೇಕು ಎಂಬುದನ್ನು ನಾವು ಪೂರ್ತಿ ಮನೆಗೇ ಬಿಟ್ಟಿದ್ದೇವೆ, ಮನೆಯವರು ಹಾಸ್ಟೆಲಿಗೆ ಬಿಟ್ಟಿದ್ದಾರೆ. ಮಾತ್ರೆ ಬರೆದುಕೊಡುವಾಗಲೇ 'ಮಕ್ಕಳಿಗೆ ಏನು ಹೇಳಿದ್ದೀರಿ?' ಎಂದು ಕೇಳಲು ವೈದ್ಯರಿಗೆ ಎರಡು ನಿಮಿಷ ಸಾಕು.

ಕೊಯ್ಲು ಮುಗಿದು, ಮಕ್ಕಳಿಗೆ ರಜೆ ಸಿಕ್ಕ ದಿನಗಳಲ್ಲಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಬಿಡಿ. ಹೇಗೆ ಶುರು ಮಾಡಬೇಕೆಂದು ತೋಚದಿದ್ದರೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿ ಅದು. ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ನೆಟ್‌ವರ್ಕ್ ಸಿಗದ ತೋಟದವರು ಗುಡ್ಡ ಹತ್ತಿಯಾದರೂ ಮಾಡಿ.