ಕೇರಿಯ ದಿನಸಿ ಅಂಗಡಿ



ಅರಸರ ಚರಿತ್ರೆಯನ್ನು ಶಾಸನಗಳು ಹೇಳುತ್ತವೆ. ಕೇರಿಯ ಚರಿತ್ರೆಯನ್ನು ದಿನಸಿ ಅಂಗಡಿಯ ಲೆಕ್ಕದ ಪುಸ್ತಕ ಹೇಳುತ್ತದೆ. ಯಾವ ಮನೆಯಲ್ಲಿ ಬಾಣಂತಿ, ಯಾವ ಮನೆಗೆ ನೆಂಟರು, ಯಾರಿಗೆ ಸಂಬಳ ತಡವಾಯಿತು ಎಂಬುದೆಲ್ಲ ಅಲ್ಲಿ ಬೇಳೆಬೆಲ್ಲಗಳ ರೂಪದಲ್ಲಿ ದಾಖಲಾಗುತ್ತಿತ್ತು.

ಹಿಂದೆ ನಮ್ಮ ಮೈಸೂರು ಸೀಮೆಯಲ್ಲಿ ಶೆಟ್ಟರು ಸೇರು, ಪಾವು, ಚಟಾಕುಗಳಲ್ಲಿ ಅಳೆದು ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪಡಿತರ ಬಂದಿತು. 1956ರ ಕಾಯಿದೆಯಿಂದ ಕ್ರಮಕ್ರಮವಾಗಿ ಕಿಲೋಗ್ರಾಂ ಬಂದಿತು. 1957ರಲ್ಲಿ ರೂಪಾಯಿಗೆ 16 ಆಣೆಯ ಲೆಕ್ಕ ಹೋಗಿ 100 ನಯಾ ಪೈಸೆಯಾಯಿತು. ಅಂಗಡಿ ಎಲ್ಲವನ್ನೂ ತಾಳಿಕೊಂಡಿತು.

ಅಮೆರಿಕದ ಮೆಂಫಿಸ್ ನಗರದಲ್ಲಿ 1916ರಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬವರು, ಗಿರಾಕಿಯೇ ಸಾಮಾನು ಆರಿಸಿಕೊಳ್ಳುವ ಪಿಗ್ಲಿ ವಿಗ್ಲಿ ಅಂಗಡಿಯನ್ನು ತೆರೆದರು. ಅಲ್ಲಿ ನಗದು ಕೊಟ್ಟವರಿಗೆ ಮಾತ್ರ ಸರಕು. ಆ ಪದ್ಧತಿ ಇಂದು ನಮ್ಮಲ್ಲಿಯೂ ಬೇರೂರಿದೆ. ಅದರಿಂದ ಆಯ್ಕೆ ಹೆಚ್ಚಿತು, ಬೆಲೆಯೂ ಇಳಿಯಬಹುದು; ಒಪ್ಪತಕ್ಕದ್ದೇ. ಶೆಟ್ಟರ ತಕ್ಕಡಿ ಸದಾ ನೇರವಾಗಿತ್ತೆಂದೂ ಹೇಳಲಾಗದು. ಆದರೆ ತಿಂಗಳ ಕೊನೆಯ ವಾರದಲ್ಲಿ ಒಲೆ ಆರದಂತೆ, ಮುಖ ನೋಡಿ ಕಡ ಕೊಡುತ್ತಿದ್ದ ಆ ನಂಬಿಕೆಗೆ ಬದಲು ಯಾವುದು? ಇದಕ್ಕೆ ಉತ್ತರ ದೊರೆಯುವವರೆಗಾದರೂ ಬೀದಿಯ ಮೂಲೆಯ ಚಿಕ್ಕ ಅಂಗಡಿಗೂ ನಮ್ಮ ಕೈಚೀಲ ಹೋಗುತ್ತಿರಲಿ.