ಒಂದೇ ಮತದ ಅಂತರ

ಅಮೆರಿಕದ ಅಧ್ಯಕ್ಷರನ್ನು ಆರಿಸುವುದು ಜನರ ನೇರ ಮತವಲ್ಲ. ರಾಜ್ಯವಾರು ಹಂಚಿಕೆಯಾದ ಎಲೆಕ್ಟರ್‌ಗಳ ಮತ. 1936ರಲ್ಲಿ ರೂಸ್‌ವೆಲ್ಟ್ 523–8ರಿಂದ ಗೆದ್ದರು. ಆದರೆ 1876ರಲ್ಲಿ ಅಂತರ ಒಂದೇ ಮತ.

ಜನಮತದಲ್ಲಿ ಸುಮಾರು ಎರಡೂವರೆ ಲಕ್ಷದಿಂದ ಮುಂದಿದ್ದ ಡೆಮಾಕ್ರಟಿಕ್ ಪಕ್ಷದ ಟಿಲ್ಡನ್ 184ಕ್ಕೆ ನಿಂತರು. ಗೆಲುವಿಗೆ ಬೇಕಿದ್ದುದು 185. ವಿವಾದಕ್ಕೀಡಾದ 20 ಮತಗಳನ್ನೂ 15 ಸದಸ್ಯರ ಆಯೋಗವು 8–7ರ ಬಹುಮತದಿಂದ ರಿಪಬ್ಲಿಕನ್ ಪಕ್ಷದ ಹೇಯ್ಸ್‌ಗೆ ಕೊಟ್ಟಿತು.

ಸೋತದ್ದು ಟಿಲ್ಡನ್ ಒಬ್ಬರೇ ಅಲ್ಲ. 1877ರ ಏಪ್ರಿಲ್‌ನಲ್ಲಿ ಹೇಯ್ಸ್ ದಕ್ಷಿಣ ಕರೋಲಿನಾ, ಲೂಯಿಸಿಯಾನಾಗಳ ಶಾಸನಭವನಗಳಿಂದ ಸೇನೆಯನ್ನು ಹಿಂದಕ್ಕೆ ಕರೆಸಿದರು. ಗುಲಾಮಗಿರಿಯಿಂದ ಬಿಡುಗಡೆಗೊಂಡು ಮತದ ಹಕ್ಕು ಪಡೆದಿದ್ದ ಕಪ್ಪು ಜನರಿಗೆ ಕಾವಲು ತಪ್ಪಿತು. ಆ ಹಕ್ಕು ಕ್ರಮೇಣ ಕೈಜಾರಿತು. ಅದಕ್ಕೆ ಮತ್ತೆ ಗಟ್ಟಿ ಆಸರೆ ದೊರೆತದ್ದು 1965ರ ಮತದಾನ ಹಕ್ಕು ಕಾಯ್ದೆಯಿಂದ. ಗೆಲುವಿನ ಅಂಕಿ ಓದುವಾಗ ಸೋತವರು ಯಾರೆಂದೂ ಕೇಳಬೇಕು.