ಪರದೆಯ ಮೇಲಿನ ಜೀವಕೋಶ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿಯಾದ ರೋಗನಿದಾನ ವೈದ್ಯರೊಬ್ಬರು ಮಾಡಿದ ಉಪನ್ಯಾಸ)



ಹಿಂದೂಪುರದ ಈ ಶಾಲೆಯಲ್ಲಿ ನಾನು ಸೂಕ್ಷ್ಮದರ್ಶಕವನ್ನು ಮೊದಲು ಕಂಡದ್ದು ಎಂಟನೆಯ ತರಗತಿಯಲ್ಲಿ. ಈರುಳ್ಳಿ ಪೊರೆಯ ಕೋಶಗಳನ್ನು ನೋಡಲು ನಲವತ್ತು ಮಕ್ಕಳು ಸಾಲುಗಟ್ಟಿ ನಿಂತಿದ್ದೆವು. ಒಬ್ಬೊಬ್ಬರ ಪಾಲಿಗೆ ಬಂದದ್ದು ಅರ್ಧ ನಿಮಿಷ. ನಾನು ನೋಡಿದ್ದು ಕೋಶವನ್ನೋ ನನ್ನದೇ ಕಣ್ಣಿನ ರೆಪ್ಪೆಯನ್ನೋ ಇಂದಿಗೂ ನಿಶ್ಚಯವಿಲ್ಲ. ಅದನ್ನು ತಿಳಿಯುವ ಉಪಾಯ ನಮ್ಮ ಮೇಷ್ಟರಿಗೂ ಇರಲಿಲ್ಲ. ಶಿಷ್ಯನ ಕಣ್ಣು ಗಾಜಿನ ಮೇಲಿರುವಾಗ ಗುರು ಪಕ್ಕದಲ್ಲಿ ಸುಮ್ಮನೆ ನಿಲ್ಲಬೇಕಾಗಿತ್ತು.

ಆ ತೊಡಕು ಇಂದು ನೀಗಿದೆ. ಶನಿವಾರ ಸಂಜೆ ನಾನು ಅಂತರಜಾಲದ ಮೂಲಕ ಪ್ರಯೋಗಾಲಯದ ತಂತ್ರಜ್ಞರಿಗೆ ಪಾಠ ಹೇಳುತ್ತೇನೆ. ಅವರಲ್ಲಿ ಕೆಲವರು ಈ ಊರಿನವರು, ಕೆಲವರು ಕಲ್ಯಾಣದುರ್ಗದವರು. ಬಸ್ಸು ಹಿಡಿದು ಬಂದು ಹೋಗುವುದಾದರೆ ಅವರ ಒಂದು ದಿನದ ಕೆಲಸ ಕೆಡುತ್ತದೆ. ಈಗ ಒಂದೇ ಕೋಶವನ್ನು ಎಲ್ಲರೂ ಒಟ್ಟಿಗೆ ನೋಡುತ್ತೇವೆ. ನನ್ನ ಬಾಣದ ಗುರುತು ಎಲ್ಲಿ ನಿಂತಿದೆಯೋ ಅಲ್ಲಿಯೇ ಎಲ್ಲರ ದೃಷ್ಟಿ.

ಸ್ಲೈಡನ್ನು ಯಂತ್ರವೊಂದು ತುಣುಕು ತುಣುಕಾಗಿ ಚಿತ್ರಿಸಿ ಜೋಡಿಸುತ್ತದೆ. ಹದಿನೈದು ಮಿಲಿಮೀಟರ್ ಉದ್ದಗಲದ ಜಾಗವನ್ನು ಮೈಕ್ರಾನಿನ ಕಾಲುಭಾಗಕ್ಕೊಂದು ಬಿಂದುವಿನಂತೆ ಚಿತ್ರಿಸಿದರೆ 360 ಕೋಟಿ ಬಿಂದುಗಳಾಗುತ್ತವೆ. ಅಷ್ಟನ್ನೂ ಹಳ್ಳಿಯ ಮೊಬೈಲಿಗೆ ಕಳುಹಿಸುವ ಅಗತ್ಯವಿಲ್ಲ. ಗೂಗಲ್ ನಕ್ಷೆಯಲ್ಲಿ ಊರಿನಿಂದ ಬೀದಿಗೆ, ಬೀದಿಯಿಂದ ಮನೆಗೆ ಇಳಿಯುವಂತೆ, ನೋಡುತ್ತಿರುವ ತುಣುಕು ಮಾತ್ರ ಇಳಿದು ಬರುತ್ತದೆ.

ಪಾಠದಲ್ಲಿ ನನ್ನದೊಂದು ನಿಯಮವಿದೆ. ಹೆಸರು ಹೇಳುವ ಮೊದಲು ಕಂಡದ್ದನ್ನು ಕನ್ನಡದಲ್ಲಿ ವರ್ಣಿಸಬೇಕು. ಇಯೊಸಿನೊಫಿಲ್ ಎಂದು ಕಂಠಪಾಠ ಮಾಡಿದವನು ಮರೆಯಬಹುದು. ಎರಡು ಗಾಜಿನ ಕನ್ನಡಕದಂತಹ ಕೋಶಕೇಂದ್ರ, ಸುತ್ತಲೂ ಕೆಂಪು-ಕಿತ್ತಳೆಯ ಕಾಳುಗಳು ಎಂದು ತಾನೇ ಹೇಳಿದವನು ಮರೆಯುವುದಿಲ್ಲ. ಪ್ಲಾಸ್ಮಾ ಕೋಶದ ಕೇಂದ್ರವನ್ನು ಇಂಗ್ಲಿಷ್ ಪುಸ್ತಕಗಳು ಬಂಡಿಯ ಚಕ್ರಕ್ಕೆ ಹೋಲಿಸುತ್ತವೆ. ಆ ಚಕ್ರವನ್ನು ನಮ್ಮ ಸೀಮೆಯ ಮಕ್ಕಳಿಗೆ ಯಾರೂ ಅರ್ಥಮಾಡಿಸಬೇಕಾಗಿಲ್ಲ.

ಆದರೂ ಪರದೆಯನ್ನು ನಾನು ಪೂರ್ತಿ ನಂಬುವುದಿಲ್ಲ. ಅದಕ್ಕೆ ಕಾರಣ ನನ್ನ ವಿದ್ಯಾರ್ಥಿ ದಿನಗಳ ಒಂದು ತಪ್ಪು. ಜ್ವರದಿಂದ ಬಳಲುತ್ತಿದ್ದ ಹುಡುಗನೊಬ್ಬನ ರಕ್ತಲೇಪದಲ್ಲಿ ಕೆಂಪುಕಣದ ಮೇಲೊಂದು ನೇರಳೆ ಚುಕ್ಕೆಯನ್ನು ಕಂಡು ಮಲೇರಿಯಾ ಎಂದು ಬರೆದುಬಿಟ್ಟೆ. ನಮ್ಮ ಗುರುಗಳು ಏನೂ ಹೇಳದೆ ಸೂಕ್ಷ್ಮ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರು. ಚುಕ್ಕೆ ಸ್ಪಷ್ಟವಾದಾಗ ಕಣ ಮಸುಕಾಯಿತು. ಕಣ ಸ್ಪಷ್ಟವಾದಾಗ ಚುಕ್ಕೆ ಮಸುಕಾಯಿತು. ಅದು ಕಣದ ಒಳಗಿನ ಪರೋಪಜೀವಿಯಲ್ಲ, ಮೇಲೆ ಕುಳಿತ ಪ್ಲೇಟ್‌ಲೆಟ್. ವರದಿ ಹಾಗೆಯೇ ಹೋಗಿದ್ದರೆ ಆ ಹುಡುಗನಿಗೆ ಇಲ್ಲದ ರೋಗದ ಔಷಧ ಸಿಗುತ್ತಿತ್ತು, ಇದ್ದ ರೋಗವನ್ನು ಯಾರೂ ಹುಡುಕುತ್ತಿರಲಿಲ್ಲ.

ಒಂದೇ ಆಳದಲ್ಲಿ ತೆಗೆದ ಚಿತ್ರದಲ್ಲಿ ಈ ಪರೀಕ್ಷೆ ಸಾಧ್ಯವಿಲ್ಲ. ಇನ್ನೊಂದು ಕೊರತೆಯೂ ಇದೆ. ಪಾಠದ ಚಿತ್ರವನ್ನು ಬಲ್ಲವರು ಮೊದಲೇ ಆರಿಸಿರುತ್ತಾರೆ. ರೋಗದ ಕೋಶ ನಟ್ಟನಡುವೆ ಇರುತ್ತದೆ. ದಪ್ಪ ರಕ್ತಲೇಪದಲ್ಲಿ ಮಲೇರಿಯಾ ಇಲ್ಲವೆನ್ನಲು ಕನಿಷ್ಠ ನೂರು ದೃಷ್ಟಿಕ್ಷೇತ್ರಗಳನ್ನು ನೋಡಬೇಕು. ಗರ್ಭಕಂಠದ ಪ್ಯಾಪ್ ಲೇಪದಲ್ಲಿ ಎಂಟು ಸಾವಿರಕ್ಕೂ ಮಿಗಿಲಾದ ಕೋಶಗಳ ನಡುವೆ ಕೆಟ್ಟವು ಬೆರಳೆಣಿಕೆಯಷ್ಟಿರಬಹುದು. ಆ ಹುಡುಕಾಟದ ತಾಳ್ಮೆ ಆರಿಸಿಕೊಟ್ಟ ಚಿತ್ರದಿಂದ ಬರುವುದಿಲ್ಲ.

ದೂರದಿಂದ ಕಲಿಯುವುದೇನೂ ಹೊಸತಲ್ಲ. ರೊನಾಲ್ಡ್ ರಾಸ್ 1895ರಲ್ಲಿ ಕಾಲರಾ ನಿಯಂತ್ರಣಕ್ಕೆಂದು ನಮ್ಮ ನೆರೆಯ ಬೆಂಗಳೂರಿಗೆ ಬಂದವರು. ಮಲೇರಿಯಾದ ವಿಷಯದಲ್ಲಿ ಅವರ ಗುರು ಲಂಡನ್ನಿನ ಪ್ಯಾಟ್ರಿಕ್ ಮ್ಯಾನ್ಸನ್. ಇಬ್ಬರ ನಡುವೆ ಪತ್ರಗಳು ಹಡಗಿನಲ್ಲಿ ಓಡಾಡಿದವು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದಲ್ಲಿ ಕಪ್ಪು ಕಣಗಳುಳ್ಳ ಕೋಶಗಳನ್ನು ಕಂಡಾಗಲೂ ರಾಸ್ ಮಾದರಿಗಳನ್ನು ಗುರುವಿಗೆ ಕಳುಹಿಸಿದರು. ಅದಕ್ಕೂ ಮೊದಲು, 1894ರಲ್ಲಿ, ಮ್ಯಾನ್ಸನ್ ಅವರನ್ನು ಎದುರಿಗೆ ಕೂರಿಸಿಕೊಂಡು ರಕ್ತದಲ್ಲಿನ ಪರೋಪಜೀವಿಯನ್ನು ತೋರಿಸಿದ್ದರು. ಅಲ್ಲಿಯವರೆಗೆ ರಾಸ್‌ಗೆ ಅದರ ಇರವಿನಲ್ಲಿಯೇ ಸಂದೇಹವಿತ್ತು!

ನಮ್ಮ ತರಗತಿಯಲ್ಲಿ ಈಗ ಹೀಗೆ ಮಾಡುತ್ತೇವೆ. ಕಲಿಯುವವರು ತಮ್ಮದೇ ಸ್ಲೈಡಿನ ಕಣ್ಣುಗಾಜಿಗೆ ಮೊಬೈಲ್ ಹಿಡಿದು, ತಿರುಪನ್ನು ತಿರುಗಿಸುತ್ತಲೇ ವೀಡಿಯೊ ತೆಗೆದು ಕಳುಹಿಸುತ್ತಾರೆ. ರೋಗಿಯ ಹೆಸರು, ಸಂಖ್ಯೆ ಅದರಲ್ಲಿ ಕಾಣಕೂಡದು. ಈ ವಿಷಯದಲ್ಲಿ ನಾನು ನಿಷ್ಠುರ. ಮೊದಮೊದಲು ಕೈ ನಡುಗಿ ಏನೂ ಕಾಣುತ್ತಿರಲಿಲ್ಲ. ಕಳೆದ ತಿಂಗಳು ಕಲ್ಯಾಣದುರ್ಗದ ಹೆಣ್ಣುಮಗಳೊಬ್ಬಳು ಕಳುಹಿಸಿದ ವೀಡಿಯೊದಲ್ಲಿ ನನಗೆ ಬಲು ಪರಿಚಿತವಾದ ನೇರಳೆ ಚುಕ್ಕೆಯಿತ್ತು. ಕೆಳಗೆ ಆಕೆ ಬರೆದಿದ್ದಳು: "ಸಾರ್, ಇದು ಒಳಗಿಲ್ಲ, ಮೇಲಿದೆ."

ಶತಮಾನೋತ್ಸವದ ನೆನಪಿಗೆ ಶಾಲೆಗೆ ದೊಡ್ಡ ಪರದೆಯೊಂದನ್ನು ಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳು ಯೋಚಿಸಿರುವುದು ಸಂತೋಷ. ಅದರ ಜೊತೆಗೆ ನಾಲ್ಕು ಸೂಕ್ಷ್ಮದರ್ಶಕಗಳೂ ಬರಲಿ ಎಂಬುದು ನನ್ನ ಬಿನ್ನಹ. ಒಂದನ್ನು ನಾನೇ ಕೊಡುತ್ತೇನೆ.